ಧರ್ಮದ ದಟ್ಟಿಗೆ ಮೊಳ ಹಾಕಬಾರದೆ?

'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳು' ಎಂಬುದು ನಮ್ಮಲ್ಲಿ ಬಹು ಹಳೆಯ ಗಾದೆ. ಬಿಟ್ಟಿ ಬಂದುದರ ಉದ್ದಗಲ ನೋಡಬಾರದು, ಕೈಯೊಡ್ಡಿ ಪಡೆದು ಸುಮ್ಮನೆ ಹೋಗಬೇಕು ಎಂದು ಹೇಳಬೇಕಾದಾಗಲೆಲ್ಲ ತಿಳಿದವರು ಈ ಗಾದೆಯನ್ನು ತೆಗೆಯುತ್ತಾರೆ. ಈಚೆಗೆ ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಚಹ ಕುಡಿಯುತ್ತಿದ್ದಾಗ ಮಿತ್ರರೊಬ್ಬರು ಇದನ್ನೇ ಹೇಳಿದರು. ಮಾತು ಬಂದುದು ಪಡಿತರದ ಅಕ್ಕಿಯ ಮೇಲೆ. "ಪುಕ್ಕಟೆ ಅಕ್ಕಿ ಕೊಟ್ಟರೂ ನಮ್ಮ ಜನಕ್ಕೆ ಸಮಾಧಾನವಿಲ್ಲ. ಅಕ್ಕಿ ಬೇಡ, ಜೋಳ ಬೇಕಂತೆ. ನಾಳೆ ಹೋಳಿಗೆ ಬೇಕೆಂದಾರು!" ಎಂದು ಅವರು ನಕ್ಕರು. ಕೋಣೆಯಲ್ಲಿದ್ದ ನಾವೆಲ್ಲರೂ ನಕ್ಕೆವು. ನಾನೂ ನಕ್ಕೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮನೆಗೆ ಬಂದ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಗಾದೆಗಳ ಅರ್ಥವನ್ನು ಹುಡುಗರಿಗೆ ವಿವರಿಸುವುದು ನನ್ನ ಕಸುಬು. ಈ ಗಾದೆಯನ್ನು ಎಷ್ಟೋ ವರ್ಷಗಳಿಂದ ಕೃತಘ್ನತೆಯ ಉದಾಹರಣೆಯಾಗಿ ಹೇಳುತ್ತ ಬಂದಿದ್ದೇನೆ. ಆದರೆ ಆ ಹೆಂಗಸು ಹಿತ್ತಲಿಗೇ ಏಕೆ ಹೋದಳು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪಡಸಾಲೆಯಲ್ಲಿ ಕೊಟ್ಟವರು ಕುಳಿತಿದ್ದರು. ಅವರೆದುರು ಅಳೆಯುವ ಧೈರ್ಯ ಅವಳಿಗಿರಲಿಲ್ಲ. ಮತ್ತೆ ಮೊಳವನ್ನಾದರೂ ಏಕೆ ಹಾಕಿದಳು? ಉಡಬೇಕಾದವಳು ಅವಳು. ಸೊಂಟಕ್ಕೆ ಸುತ್ತು ಬರುವುದೋ ಇಲ್ಲವೋ ಎಂಬುದು ಕೊಟ್ಟವನಿಗೆ ಮುಖ್ಯವಲ್ಲ, ಅವಳಿಗೆ ಮುಖ್ಯ. ಗಾದೆ ಹಾಸ್ಯ ಮಾಡುವುದು ಅವಳ ದುರಾಸೆಯನ್ನಲ್ಲ, ಅವಳ ಅಗತ್ಯವನ್ನು. ಹಾಗೆ ನೋಡಿದರೆ ನಾಚಬೇಕಾದವರು ಗಾದೆ ಕಟ್ಟಿದವರು.

ಇಂದು ನಾನು ಹೇಳಹೊರಟಿರುವುದು ಇಷ್ಟೇ: ಪಡಿತರ ಚೀಟಿಯುಳ್ಳ ಮನೆಗೆ ಕಾಳು ಕೊಡುವಾಗ, ನಿಮಗೆ ಯಾವ ಕಾಳು ಬೇಕೆಂದು ಕೇಳಿ ಕೊಡಬೇಕು. ಇದು ದೊಡ್ಡ ತತ್ತ್ವವೇನಲ್ಲ. ಸಂತೆಯಲ್ಲಿ ಕುಳಿತ ಬದನೆಕಾಯಿ ಮಾರುವವಳೂ ಕೇಳಿಯೇ ಕೊಡುತ್ತಾಳೆ. ಆದರೆ ಈ ಸಣ್ಣ ಪ್ರಶ್ನೆಯನ್ನು ನಮ್ಮ ವ್ಯವಸ್ಥೆ ಇಷ್ಟು ವರ್ಷಗಳಲ್ಲಿ ಯಾರನ್ನೂ ಕೇಳಿಲ್ಲ.

ನಾನಿರುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ. ಈ ಸೀಮೆಯನ್ನು ಆಳುವವರು ಹಲವು ಸಲ ಒಂದು ಕಡತದಿಂದ ಇನ್ನೊಂದಕ್ಕೆ ವರ್ಗ ಮಾಡಿದ್ದಾರೆ. 1953ರಲ್ಲಿ ಮದರಾಸಿನಿಂದ ಮೈಸೂರಿಗೆ ಬಂದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಎಲ್ಲರೂ ಹೊಸ ವಿಜಯನಗರ ಜಿಲ್ಲೆಯವರಾದೆವು. ರಾಜಧಾನಿ ಬದಲಾಯಿತು, ಜಿಲ್ಲೆ ಬದಲಾಯಿತು. ಗಂಗಾಳದೊಳಗಿನ ರೊಟ್ಟಿ ಬದಲಾಗಲಿಲ್ಲ. ತುಂಗಭದ್ರಾ ಅಣೆಕಟ್ಟಿನ ಕಾಲುವೆ ಕಂಡ ಸಿರುಗುಪ್ಪ, ಗಂಗಾವತಿಗಳ ಕಡೆ ಭತ್ತದ ಗದ್ದೆಗಳಿವೆ. ನಮ್ಮದು ಬಹುಮಟ್ಟಿಗೆ ಮಳೆಯನ್ನು ನಂಬಿದ ನೆಲ. ಜೋಳ, ನವಣೆ, ಸಜ್ಜೆ, ಶೇಂಗಾ ಇಲ್ಲಿಯ ಬೆಳೆ. ಜೋಳದ ರೊಟ್ಟಿ, ಜೋಳದ ಮುದ್ದೆ, ನವಣೆಯ ಅನ್ನ, ಅಂಬಲಿ ಇಲ್ಲಿಯ ಊಟ. ಕೂಡ್ಲಿಗಿಯಿಂದ ದಕ್ಷಿಣಕ್ಕೆ ಹೋದಂತೆ ರಾಗಿಯ ಮುದ್ದೆಯೂ ಕಾಣುತ್ತದೆ. ನೆಲ್ಲಕ್ಕಿಯ ಅನ್ನ ನನ್ನ ಬಾಲ್ಯದಲ್ಲಿ ಹಬ್ಬಕ್ಕೆ, ಬೀಗರು ಬಂದಾಗ, ಜಡ್ಡಾದವರಿಗೆ ಮಾತ್ರ.

2025ರ ಬೇಸಗೆಯಲ್ಲಿ ಒಂದು ದಿನ ನಮ್ಮ ಓಣಿಯ ಮುದುಕಿಯೊಬ್ಬಳು ನ್ಯಾಯಬೆಲೆ ಅಂಗಡಿಯಿಂದ ಬರುತ್ತಿದ್ದಳು. ಮೊಮ್ಮಗ ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಮುಂದೆ, ಈಕೆ ಹಿಂದೆ.

"ಅಜ್ಜೀ, ಈ ತಿಂಗಳು ಎಷ್ಟು ಬಂತು?" ಎಂದೆ.

"ಮೂರು ಮಂದೀದು ಮೂವತ್ತು ಕಿಲೊ ಬಂದೈತಿ ಯಪ್ಪಾ. ಸುಳ್ಳು ಯಾಕ ಹೇಳ್ಲಿ, ಅಕ್ಕಿ ಚಲೋ ಐತಿ. ಆದ್ರ ಅನ್ನಾನ ಬುತ್ತಿ ಕಟ್ಕೊಂಡು ಈ ಬಿಸಿಲಾಗ ಹೊಲಕ್ಕ ಹ್ಯಾಂಗ ಹೋಗಾದು? ಮಧ್ಯಾನಕ್ಕ ಹಳಸಿ ನಾರ್ತೈತಿ. ರೊಟ್ಟಿ ಆದ್ರ ಮುಂಜಾನೆ ಬಡಿದದ್ದು ಸಂಜೀಕೂ ಇರ್ತೈತಿ."

"ಮತ್ತೆ ಇಷ್ಟು ಅಕ್ಕಿ ಏನು ಮಾಡುತ್ತಿ?"

ಮುದುಕಿ ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ಅರ್ಧ ಇಟ್ಕೊಂತೀವಿ. ಅರ್ಧ ಕೊಡ್ತೀವಿ. ಹದಿನೈದು ಕಿಲೊ ಕೊಟ್ರ ಐದು ಕಿಲೊ ಜೋಳ ಬರ್ತೈತಿ. ಯಾರ ಮುಂದೂ ಹೇಳಬ್ಯಾಡ ನೋಡಪ್ಪಾ."

ಅವಳ ಹೆಸರನ್ನಾಗಲಿ ಓಣಿಯನ್ನಾಗಲಿ ನಾನು ಹೇಳುವುದಿಲ್ಲ. ಆದರೆ ಅವಳ ಲೆಕ್ಕವನ್ನು ವಾಚಕರ ಮುಂದಿಡದೆ ಇರಲಾರೆ. ರೊಟ್ಟಿ ಎಂಬುದು ಆಕೆಗೆ ಬಾಯಿಚಪಲವಲ್ಲ, ಕೆಲಸದ ಸಲಕರಣೆ. ಹೊತ್ತು ಹುಟ್ಟುವ ಮುನ್ನ ಬಡಿದ ರೊಟ್ಟಿಗೆ ಹಸಿಮೆಣಸಿನಕಾಯಿಯ ಚಟ್ನಿಯೋ ಗುರೆಳ್ಳಿನ ಪುಡಿಯೋ ಸಾಕು. ಅನ್ನವಾದರೆ ಸಾರಾಗಬೇಕು, ಸಾರಿಗೆ ಬೇಳೆಯಾಗಬೇಕು, ಹೊತ್ತೊಯ್ಯಲು ಪಾತ್ರೆಯಾಗಬೇಕು. ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿಗಳ ಜನ ಗುಳೆ ಹೊರಡುತ್ತಾರೆ. ಆಗ ಬಟ್ಟೆಯಲ್ಲಿ ಸುತ್ತಿ ಒಯ್ಯುವುದು ವಾರಗಟ್ಟಲೆ ಕೆಡದ ಖಡಕ್ ರೊಟ್ಟಿಯ ಅಡುಕು. ಅನ್ನವನ್ನು ಅಡುಕು ಕಟ್ಟಿ ಬಸ್ಸು ಹತ್ತಲು ಬರುತ್ತದೆಯೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಮಾಡಬೇಕು. ಅನ್ನಭಾಗ್ಯವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2013ರ ಜುಲೈಯಲ್ಲಿ ಆ ಯೋಜನೆ ಬಂದಾಗ ಬಡ ಕುಟುಂಬಕ್ಕೆ ಕಿಲೊಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೊವರೆಗೆ ಅಕ್ಕಿ ದೊರೆಯಿತು. 2015ರಲ್ಲಿ ಆ ಒಂದು ರೂಪಾಯಿಯನ್ನೂ ಬಿಟ್ಟುಕೊಟ್ಟರು. ಜನ ಸೋಮಾರಿಗಳಾದರೆಂದು ಆಗ ಬೊಬ್ಬೆ ಹೊಡೆದವರು ಬಹುಮಂದಿ. ಅವರಲ್ಲಿ ಹೆಚ್ಚಿನವರು ತಮ್ಮ ಹೊಲಕ್ಕೆ ಅಗ್ಗದ ಕೂಲಿಯಾಳು ಸಿಗದೆ ಕಂಗಾಲಾದವರು ಎಂಬುದನ್ನು ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲರು. ಹಸಿದ ಹೊಟ್ಟೆಗೆ ಕಾಳು ಬಿತ್ತು. ಕೂಲಿಯವನಿಗೆ 'ಒಲ್ಲೆ' ಎನ್ನುವ ಬಲ ಬಂತು. ಅದು ಸಣ್ಣ ಕೆಲಸವಲ್ಲ. ಆದರೆ ಜಮೀನುದಾರನಿಗೆ ಒಲ್ಲೆ ಎನ್ನುವ ಬಲ ಕೊಟ್ಟ ಸರಕಾರವು, ಅಕ್ಕಿಯ ಚೀಲಕ್ಕೆ ಒಲ್ಲೆ ಎನ್ನುವ ಬಲವನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತು.

ಮುಂದಿನ ಕಥೆ ನೋಡಿ. 2023ರಲ್ಲಿ ತಲೆಗೆ 10 ಕಿಲೊ ಕೊಡುವೆವೆಂಬ ವಚನವಿತ್ತು. ಹೆಚ್ಚುವರಿ ಅಕ್ಕಿಯನ್ನು ಕೇಂದ್ರ ಮಾರಲಿಲ್ಲ. ಆದುದರಿಂದ ಆ ವರ್ಷದ ಜುಲೈಯಿಂದ ಕಿಲೊಗೆ 34 ರೂಪಾಯಿಯಂತೆ 5 ಕಿಲೊಗೆ 170 ರೂಪಾಯಿಯನ್ನು ತಲೆಯೆಣಿಕೆಯಲ್ಲಿ ಬ್ಯಾಂಕಿನ ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ಹಣ ನಿಂತು ಮತ್ತೆ ಅಕ್ಕಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ 'ಇಂದಿರಾ ಕಿಟ್' ಕೊಡಲು ಸಚಿವ ಸಂಪುಟ ಒಪ್ಪಿತು. ಮೂರು ವರ್ಷದೊಳಗೆ ಅಕ್ಕಿ ಹಣವಾಯಿತು, ಹಣ ಅಕ್ಕಿಯಾಯಿತು, ಅಕ್ಕಿ ಕಿಟ್ಟಾಗಹೊರಟಿತು. ನಡುನಡುವೆ ಖರೀದಿಯಾದ ವರ್ಷ, ಖರೀದಿಯಾದಷ್ಟು ಜೋಳವೂ ಬಂದುದುಂಟು. ಪ್ರತಿಯೊಂದು ಬದಲಾವಣೆಗೂ ಕಾರಣಗಳಿದ್ದವು. ಬೇಳೆ ಕೊಡುವ ಯೋಚನೆಯಂತೂ ಒಳ್ಳೆಯದೇ. ಆದರೆ ಈ ನಾಲ್ಕರಲ್ಲಿ ಒಂದು ಸಲವಾದರೂ ಉಣ್ಣುವವರನ್ನು ಕೇಳಿದ್ದುಂಟೆ?

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ಕೇಳಿ, ಮಳೆಯೋ ಬೆಳೆಯೋ ಎಂದು ಅರ್ಥ ಮಾಡಿಕೊಳ್ಳುತ್ತ ಊರಿಗೆ ಹೋಗುತ್ತಾರೆ. ಆಹಾರ ಇಲಾಖೆಯದೂ ಈಗ ಅದೇ ರೀತಿ. ತಿಂಗಳ ಮೊದಲ ವಾರದಲ್ಲಿ ಮೇಲಿನಿಂದ ಒಂದು ನುಡಿ ಬೀಳುತ್ತದೆ. ಕೆಳಗೆ ನಿಂತ ಜನ ಚೀಲ ಹಿಡಿದು ಅದರ ಅರ್ಥ ಹುಡುಕುತ್ತಾರೆ. ಮೈಲಾರದ ನುಡಿಯನ್ನು ಪ್ರಶ್ನಿಸಬಾರದು, ಸರಿ. ಅದು ದೈವವಾಣಿ. ಇಲಾಖೆಯ ಸುತ್ತೋಲೆಗೂ ಅದೇ ಮರ್ಯಾದೆಯೆ?

ಕೇಳದೆ ಕೊಟ್ಟುದರ ಫಲವೇನೆಂಬುದನ್ನು ಆ ಮುದುಕಿಯ ಲೆಕ್ಕವೇ ಹೇಳುತ್ತದೆ. ಸರಕಾರ ತಾನೇ ಕಿಲೊಗೆ 34 ರೂಪಾಯಿ ಬೆಲೆ ಕಟ್ಟಿದ ಅಕ್ಕಿಯನ್ನು ಆಕೆ ಅದರ ಅರ್ಧಕ್ಕೂ ಕಡಿಮೆಗೆ ಬಿಡುತ್ತಾಳೆ. ಆ ಅಕ್ಕಿ ಯಾವ ಯಾವ ಕೈ ದಾಟಿ, ಯಾವ ಗಿರಣಿಯಲ್ಲಿ ಹೊಳಪು ಪಡೆದು, ಯಾವ ಹೊಸ ಚೀಲದಲ್ಲಿ ಯಾರ ಮನೆಗೆ ಹೋಗುತ್ತದೆಂಬುದನ್ನು ದಾಳಿಯ ಸುದ್ದಿಗಳಲ್ಲಿ ಓದುತ್ತಲೇ ಇದ್ದೇವೆ. ಸುದ್ದಿ ಓದಿದ ನಮ್ಮ ಮಿತ್ರರು, 'ನೋಡಿ, ಮಾರಿಕೊಳ್ಳುತ್ತಾರೆ. ಇವರಿಗೆ ಕೊಡುವುದೇ ತಪ್ಪು' ಎನ್ನುತ್ತಾರೆ. ನಾನು ಹೇಳುವುದು ಬೇರೆ. ಆಕೆ ಮಾರಿಕೊಂಡಿಲ್ಲ, ನಾವು ಕೊಡದ ಆಯ್ಕೆಯನ್ನು ಆಕೆ ದಂಡ ತೆತ್ತು ಕೊಂಡುಕೊಂಡಿದ್ದಾಳೆ. ಆ ದಂಡದ ಹಣ ಸೇರುವುದು ನಡುವಿನ ದಲ್ಲಾಳಿಗೆ. ಅಳೆಯಲು ಹಿತ್ತಲಿಗೆ ಹೋದವಳು ಅಲ್ಲಿಯೂ ಕಳ್ಳಿಯಾದಳು!

ಕನ್ನಡ ಕಲಿಸುವವನಾದ ನನಗೆ ಇಲ್ಲೊಂದು ಹಳೆಯ ಮಾತು ನೆನಪಾಗುತ್ತದೆ: 'ಜೋಳದ ಪಾಳಿ.' ಪಂಪನನ್ನು ಓದಿದವರಿಗೆ ಇದು ಹೊಸದಲ್ಲ. ಒಡೆಯನ ಜೋಳವನ್ನು ಉಂಡವನು ಅವನಿಗಾಗಿ ಪ್ರಾಣವನ್ನಾದರೂ ಕೊಡಬೇಕೆಂಬ ಕಟ್ಟಳೆಗೆ ಆ ಹೆಸರು. ನಮ್ಮ ನಾಡಿನಲ್ಲಿ ಉಂಡ ಋಣವನ್ನು ಸಾವಿರ ವರ್ಷದ ಹಿಂದೆಯೇ ಅಳೆದದ್ದು ಅಕ್ಕಿಯಿಂದಲ್ಲ, ಜೋಳದಿಂದ ಎಂಬುದನ್ನು ಗಮನಿಸಿ. ಈಗಿನ ನಮ್ಮ ಒಡೆಯರೂ ಜೋಳದ ಪಾಳಿಯನ್ನು ಮರೆತಿಲ್ಲ. ಚುನಾವಣೆ ಬಂದಾಗ 'ನಮ್ಮ ಅಕ್ಕಿ ಉಂಡಿದ್ದೀರಿ' ಎಂದು ಜ್ಞಾಪಿಸುತ್ತಾರೆ. ಒಬ್ಬರು ಚೀಲ ನಮ್ಮದೆನ್ನುತ್ತಾರೆ, ಇನ್ನೊಬ್ಬರು ಚೀಲದೊಳಗಿನ ಅಕ್ಕಿ ನಮ್ಮದೆನ್ನುತ್ತಾರೆ. ಆದರೆ ಇದು ಅರಸರ ಕಾಲವಲ್ಲ. ಈ ಕಾಳು ಒಡೆಯನ ಕಣಜದ್ದಲ್ಲ, ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ತೆರುವ ಜನದ್ದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಮೇಲೆ ಇದು ಹಕ್ಕು, ಕೊಡುಗೆಯಲ್ಲ. ಹಕ್ಕಿಗೆ ಪಾಳಿ ಇಲ್ಲ.

ಇಷ್ಟು ಹೇಳಿದ ಮೇಲೆ, 'ಹಾಗಾದರೆ ಅಕ್ಕಿ ನಿಲ್ಲಿಸಿ ಜೋಳ ಕೊಡೋಣ' ಎನ್ನುವವರು ಎದ್ದು ನಿಲ್ಲುತ್ತಾರೆ. ಇವರೂ ನನ್ನ ಎದುರಾಳಿಗಳೇ. ಒಂದು ಕಾಲಕ್ಕೆ ನಾನೂ ಇವರಲ್ಲೊಬ್ಬನಾಗಿದ್ದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತಷ್ಟೆ. ಆ ವರ್ಷ ಒಂದು ಸಭೆಯಲ್ಲಿ ನಾನು ಆವೇಶದಿಂದ, ಪಡಿತರದಿಂದ ಅಕ್ಕಿಯನ್ನು ಕಿತ್ತೊಗೆದು ಜೋಳವನ್ನೇ ಕಡ್ಡಾಯ ಮಾಡಬೇಕು, ನಮ್ಮ ಅಜ್ಜಂದಿರ ಬಲ ನಮಗೆ ಬರಬೇಕು ಎಂದು ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು. ಸಭೆ ಮುಗಿದ ಮೇಲೆ ಬಿ.ಎ. ತರಗತಿಯ ಹುಡುಗಿಯೊಬ್ಬಳು ಬಂದು ನಿಂತಳು.

"ಸರ್, ತಪ್ಪು ತಿಳೀಬ್ಯಾಡ್ರಿ. ನಮ್ಮವ್ವ ನಸುಕಿನಾಗ ನಾಕು ಗಂಟೆಗೆ ಎದ್ದು ಎಂಟು ಮಂದಿಗೆ ರೊಟ್ಟಿ ಬಡೀತಿದ್ಲು. ಆಮ್ಯಾಲೆ ಕೂಲಿಗೆ ಹೋಗ್ತಿದ್ಲು. ಅಕ್ಕಿ ಬಂದ ಮ್ಯಾಲೆ ಆಕಿಗೆ ಒಂದು ತಾಸು ಜಾಸ್ತಿ ನಿದ್ದಿ ಸಿಕ್ಕೈತ್ರಿ. ನೀವು ಅದನ್ನೂ ಕಸಗೊಂತೀರೇನ್ರಿ?"

ನಾನು ಏನು ಉತ್ತರ ಕೊಡಲಿ? ನನ್ನ ಜನ್ಮದಲ್ಲಿ ನಾನು ಒಂದು ರೊಟ್ಟಿಯನ್ನೂ ಬಡಿದವನಲ್ಲ. ನನ್ನ ಅಜ್ಜನ ಬಲ ಅಜ್ಜಿಯ ರಟ್ಟೆಯಿಂದ ಬಂದದ್ದೆಂದು ಆ ಹುಡುಗಿ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಜೋಳವನ್ನು ಗಿರಣಿಗೆ ಹೊರಬೇಕು, ಬೀಸಿದ ದುಡ್ಡು ಕೊಡಬೇಕು, ಹಿಟ್ಟನ್ನು ಬಿಸಿನೀರಿನಲ್ಲಿ ನಾದಬೇಕು, ಬೆಂಕಿಯ ಮುಂದೆ ಕುಳಿತು ಒಂದೊಂದಾಗಿ ಬಡಿಯಬೇಕು. ಅಕ್ಕಿಯನ್ನು ತೊಳೆದು ಒಲೆಯ ಮೇಲಿಟ್ಟರಾಯಿತು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನವನ್ನು ದಿನವೂ ಉಣ್ಣುವುದು ಒಂದು ಮನೆಗೆ ಗೌರವದ ಪ್ರಶ್ನೆಯೂ ಆಗಿದ್ದೀತು. ಬೆಂಗಳೂರಿನ ಮೇಳಗಳಲ್ಲಿ ನವಣೆಯನ್ನು ಅಂದವಾದ ಪೊಟ್ಟಣದಲ್ಲಿ ಕೊಳ್ಳುವವರು, ಹಳ್ಳಿಯವರು ನವಣೆಯನ್ನೇ ಉಣ್ಣಲಿ ಎಂದು ಅಪ್ಪಣೆ ಕೊಡಿಸುವುದು ಯಾವ ನ್ಯಾಯ? ಅವರಾದರೆ ಆರಿಸಿ ಉಣ್ಣುತ್ತಾರೆ.

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳವಾಗಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಕಡೆಗೆ ರಾಗಿಯನ್ನು ಗೆಲ್ಲಿಸಿದ. ಅದು ಬಡವರ ಕಾಳಿನ ಗೆಲುವೆಂದು ನಾವು ಅಧ್ಯಾಪಕರು ಅಭಿಮಾನದಿಂದ ಪಾಠ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ಆ ಹುಡುಗಿಯ ಮಾತು ಕೇಳಿದ ಮೇಲೆ ನನಗೊಂದು ಸಂದೇಹ ಬಂದಿದೆ. ತೀರ್ಪು ಕೊಡಲು ಸೇರಿದ ಸಭೆಯಲ್ಲಿ ದೇವತೆಗಳಿದ್ದರು, ಮುನಿಗಳಿದ್ದರು. ಬೀಸಿ ಬೇಯಿಸುವವಳನ್ನು ಯಾರಾದರೂ ಕರೆದಿದ್ದರೆ ಆಕೆ ಏನೆನ್ನುತ್ತಿದ್ದಳು? ಒಬ್ಬಳು ರಾಗಿ ಎಂದಾಳು, ಇನ್ನೊಬ್ಬಳು ಭತ್ತವೆಂದಾಳು. ಕಾಳಿಗೆ ಕಾಳು ಮೇಲೆಂದು ಸಾರುವ ತೀರ್ಪು ನಮಗೆ ಬೇಡ. ಅವರವರ ಒಲೆಯ ತೀರ್ಪು ಅವರವರಿಗಿರಲಿ.

ಇದಕ್ಕೆ ಕಾಯಿದೆ ಅಡ್ಡಿಯೆ? ಅಡ್ಡಿಯಿಲ್ಲ. ಆಹಾರ ಭದ್ರತಾ ಕಾಯಿದೆಯು ಅಕ್ಕಿ, ಗೋದಿಗಳ ಜೊತೆಗೆ ಒರಟು ಧಾನ್ಯಗಳನ್ನೂ ಹೆಸರಿಸಿದೆ. ಕೊಡುವ ಪದಾರ್ಥಗಳ ಬಗೆಯನ್ನು ಹೆಚ್ಚಿಸಬೇಕೆಂದೂ ಹೇಳಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ ಎಂದು ವಿಧಿಸಿದೆ. ಬಹು ಒಳ್ಳೆಯ ಮಾತು. ಆದರೆ ಇದೆಂಥ ಯಜಮಾನಿಕೆ? ಬೆರಳು ಒತ್ತುವುದು ಆಕೆಯ ಕೆಲಸ, ಕಾಳು ಆರಿಸುವುದು ಇನ್ನೊಬ್ಬರ ಕೆಲಸ. 'ಒಂದು ದೇಶ, ಒಂದು ಪಡಿತರ ಚೀಟಿ' ಬಂದ ಮೇಲೆ ನಮ್ಮೂರಿನವಳು ಗುಳೆ ಹೋದಲ್ಲಿಯೂ ತನಗೆ ಬೇಕಾದ ನ್ಯಾಯಬೆಲೆ ಅಂಗಡಿಗೆ ಹೋಗಬಹುದು. ಅಂಗಡಿಯನ್ನು ಆರಿಸಬಹುದಂತೆ, ಅಂಗಡಿಯೊಳಗಿನ ಕಾಳನ್ನು ಆರಿಸಬಾರದಂತೆ!

ಇನ್ನು ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು, ಜೋಳ ಬಾಳುವುದಿಲ್ಲ, ಹುಳು ಬೀಳುತ್ತದೆ, ಉಗ್ರಾಣದಲ್ಲಿಡಲು ಅಕ್ಕಿಯಷ್ಟು ಸುಲಭವಲ್ಲ ಎಂಬುದು. ಇದರಲ್ಲಿ ನಿಜವಿದೆ. ಆದರೆ ನಮ್ಮ ಹಿರಿಯರು ಹಗೇವು ತೋಡಿ, ಒಳಗೆ ಹುಲ್ಲು ಹಾಸಿ, ಬಾಯಿಗೆ ಮಣ್ಣು ಮೆತ್ತಿ ಜೋಳವನ್ನು ಬರಗಾಲಕ್ಕೆಂದು ವರ್ಷಗಟ್ಟಲೆ ಇಟ್ಟವರು. ಅವರಿಗೆ ತಿಳಿದ ವಿದ್ಯೆ ಇಷ್ಟು ದೊಡ್ಡ ಇಲಾಖೆಗೆ ತಿಳಿಯದೆ? ಕೊಂಡ ಒರಟು ಧಾನ್ಯವನ್ನು ಬೇಗ ಹಂಚಿಬಿಡಬೇಕೆಂಬ ಹಿಂದಿನ ನಿಯಮವನ್ನೂ ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ ಸಡಿಲಿಸಿ, ಜೋಳಕ್ಕೆ 9 ತಿಂಗಳು, ರಾಗಿಗೆ 10 ತಿಂಗಳು ಅವಕಾಶ ಕೊಟ್ಟಿತು. ಹರಪನಹಳ್ಳಿಯಲ್ಲಿ ಬೆಳೆದುದನ್ನು ಕೊಟ್ಟೂರಿನಲ್ಲಿ ಹಂಚುವುದಾದರೆ ಬಹುಕಾಲ ಇಡಬೇಕಾದ ಅಗತ್ಯವಾದರೂ ಏನು?

ಎರಡನೆಯದು, ಜೋಳ ತುಟ್ಟಿ ಎಂಬುದು. ಇದೂ ನಿಜ, ಲೆಕ್ಕ ಮಾಡಿಯೇ ನೋಡೋಣ. 2025ರ ಆರಂಭದಲ್ಲಿ ಕೇಂದ್ರವು ರಾಜ್ಯಗಳಿಗೆ ಮಾರುವ ಅಕ್ಕಿಯ ಬೆಲೆಯನ್ನು ಕ್ವಿಂಟಲಿಗೆ 2,250 ರೂಪಾಯಿಗೆ ಇಳಿಸಿತು. 5 ಕಿಲೊ ಅಕ್ಕಿಗೆ 112 ರೂಪಾಯಿ 50 ಪೈಸೆಯಾಯಿತು. 2025-26ರಲ್ಲಿ ಹೈಬ್ರಿಡ್ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,699 ರೂಪಾಯಿ. 3 ಕಿಲೊಗೆ ಸುಮಾರು 111 ರೂಪಾಯಿ. ಸಾಗಣೆ, ಹಮಾಲಿಗಳನ್ನು ಬಿಟ್ಟರೆ, ಬೊಕ್ಕಸಕ್ಕೆ ಒಂದು ಕಾಸೂ ಹೆಚ್ಚಿಲ್ಲದಂತೆ '5 ಕಿಲೊ ಅಕ್ಕಿಯೋ, 3 ಕಿಲೊ ಜೋಳವೋ' ಎಂದು ಕೇಳಬಹುದು. ಐದರ ಬದಲು ಮೂರನ್ನು ಯಾರು ಒಯ್ದಾರು ಎನ್ನುತ್ತೀರಾ? ನಮ್ಮ ಓಣಿಯ ಮುದುಕಿ ಹದಿನೈದು ಕಿಲೊ ಕೊಟ್ಟು ಐದು ಕಿಲೊ ಒಯ್ಯುತ್ತಿದ್ದಾಳೆ. ಈ ಲೆಕ್ಕದಲ್ಲಾದರೆ ಅವಳಿಗೆ ಒಂಬತ್ತು ಕಿಲೊ ದಕ್ಕುತ್ತಿತ್ತು. ದಲ್ಲಾಳಿಯ ಪಾಲಾಗುತ್ತಿರುವ ನಾಲ್ಕು ಕಿಲೊ ಜೋಳವೇ ನಾವು ಕೇಳದೆ ಕೊಟ್ಟುದರ ಬೆಲೆ. ಹತ್ತಿರದಲ್ಲೇ ಕೊಳ್ಳುವವರಿದ್ದಾರೆಂದು ಗೊತ್ತಾದರೆ, ಕೋಳಿಯ ಮೇವಿಗೆಂದು ಹೊಲ ತುಂಬ ಮೆಕ್ಕೆಜೋಳ ಹಾಕಿದ ನಮ್ಮ ರೈತ ಒಂದೆರಡು ಎಕರೆಗಾದರೂ ಬಿಳಿಜೋಳ ಬಿತ್ತಿಯಾನು; ಅವನ ಎತ್ತಿಗೂ ಸೊಪ್ಪೆಯಾದೀತು.

ಮೂರನೆಯದು, ಹಣ ಕೊಟ್ಟರೆ ತಮಗೆ ಬೇಕಾದುದನ್ನು ಕೊಳ್ಳುತ್ತಾರಲ್ಲ, ಅದಕ್ಕಿಂತ ದೊಡ್ಡ ಆಯ್ಕೆ ಯಾವುದು ಎಂಬುದು. 170 ರೂಪಾಯಿಯ ದಿನಗಳಲ್ಲಿ, ಜನ ಅದನ್ನೆಲ್ಲ ಕುಡಿದು ಹಾಳುಮಾಡುತ್ತಾರೆಂದು ಗೋಳಾಡಿದವರಿದ್ದರು. ನನಗೆ ಆ ಭಯವಿಲ್ಲ. ನನ್ನ ಭಯ ಬೇರೆ. ಸಂತೆಯಲ್ಲಿ ಜೋಳದ ಬೆಲೆ ಏರಿದಾಗ ಹಣ ತಾನಾಗಿ ಏರುವುದಿಲ್ಲ. ಬ್ಯಾಂಕು ಹತ್ತಾರು ಮೈಲಿ ದೂರವಿರುವ ಹಳ್ಳಿಯ ಮುದುಕಿಗೆ ಖಾತೆಯ ಹಣಕ್ಕಿಂತ ಮನೆಯ ಮಡಕೆಯ ಕಾಳು ನೆಚ್ಚಿಕೆ. ಆದುದರಿಂದ ಕಾಳು ಇರಲಿ. ಕಾಳಿನಲ್ಲಿ ಆಯ್ಕೆ ಇರಲಿ.

ನಾಲ್ಕನೆಯದು, ಇದೆಲ್ಲ ಆಗುಹೋಗದ ಮಾತು, ಅಷ್ಟು ಜನರನ್ನು ಕೇಳುತ್ತ ಕುಳಿತರೆ ಅಂಗಡಿ ನಡೆದೀತೆ ಎಂಬುದು. ನಡೆದಿದೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಆಹಾರದ ಬ್ಯಾಂಕೊಂದನ್ನು ತೆರೆದರು. ಅಂಗಡಿಗಳು ಎಸೆಯಲಿದ್ದ ಪದಾರ್ಥಗಳನ್ನು ಕೂಡಿಸಿ ಹಸಿದವರಿಗೆ ಮುಟ್ಟಿಸುವ ಕೆಲಸ ಅದು. ಆ ಮಾದರಿ ದೇಶದಲ್ಲೆಲ್ಲ ಹಬ್ಬಿತು. ಬಹುಕಾಲ ಅಲ್ಲಿಯೂ ಇವರೇ ಕಟ್ಟಿಟ್ಟ ಪೆಟ್ಟಿಗೆಯನ್ನು ಕೈಗೆ ಕೊಡುವುದೇ ವಾಡಿಕೆಯಾಗಿತ್ತು. ಬೇಡವಾದುದು ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಈಗ ಎಷ್ಟೋ ಕಡೆ ಪದಾರ್ಥಗಳನ್ನು ಅಂಗಡಿಯಂತೆ ಹಲಗೆಗಳ ಮೇಲೆ ಜೋಡಿಸಿ, ಮನೆಮಂದಿಯ ಎಣಿಕೆಯಂತೆ ಇಷ್ಟು ಒಯ್ಯಬಹುದೆಂದು ಮಿತಿ ಹಾಕಿ, ಬಂದವರೇ ಆರಿಸಿಕೊಳ್ಳುವಂತೆ ಮಾಡಿದ್ದಾರೆ. ಬಂದವನು ಭಿಕ್ಷುಕನಂತೆ ಸಾಲಿನಲ್ಲಿ ನಿಲ್ಲುವುದಿಲ್ಲ, ಗಿರಾಕಿಯಂತೆ ಒಳಗೆ ಬರುತ್ತಾನೆ.

ಅಷ್ಟು ದೂರ ಹೋಗುವುದೂ ಬೇಡ. ಬೀದರಿನ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದು. ಅಲ್ಲಿ ಮೈಸೂರಿನವರೇ ಆದ ಪಿ. ವಿ. ಸತೀಶರೂ ಅವರ ಜೊತೆಗಾರರೂ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಬಡ ದಲಿತ ಹೆಂಗಸರ ಸಂಘಗಳು 1990ರ ದಶಕದ ನಡುವಿನಲ್ಲಿ ತಮ್ಮದೇ ಒಂದು ಪಡಿತರವನ್ನು ನಡೆಸಿ ತೋರಿಸಿದವು. ಬೀಳುಬಿದ್ದ ಹೊಲಗಳ ಬಡರೈತರಿಗೆ ಉಳುಮೆ-ಗೊಬ್ಬರಗಳಿಗೆ ಮುಂಗಡ ಕೊಟ್ಟರು. ಸಾಲವನ್ನು ಜೋಳದ ರೂಪದಲ್ಲಿ ತೀರಿಸಿಕೊಂಡರು. ಆ ಜೋಳವನ್ನು ಊರಲ್ಲೇ ಇಟ್ಟು, ಮಳೆಗಾಲದ ಹಸಿವಿನ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಹಂಚಿದರು. ಯಾರು ಎಷ್ಟು ಬಡವರೆಂಬುದನ್ನು ಊರ ನಡುವೆ ಎಲ್ಲರೂ ಕೂಡಿ, ನೆಲದ ಮೇಲೆ ಊರಿನ ನಕ್ಷೆ ಬರೆದು ತಾವೇ ಗೊತ್ತುಮಾಡಿದರು. ಏನು ಬೆಳೆಯಬೇಕು, ಏನು ಇಡಬೇಕು, ಏನು ಉಣ್ಣಬೇಕು, ಎಲ್ಲವೂ ಅವರದೇ ತೀರ್ಮಾನ. ಅಕ್ಷರ ಬಾರದ ಹೆಂಗಸರು ಮಾಡಿದ ಕೆಲಸವನ್ನು, ಬೆರಳಿನ ಗೆರೆಯನ್ನು ಕ್ಷಣದಲ್ಲಿ ಓದುವ ಯಂತ್ರಗಳನ್ನಿಟ್ಟುಕೊಂಡ ಇಲಾಖೆ ಮಾಡಲಾರದೆಂದರೆ ನಂಬುವುದು ಹೇಗೆ? ಬೆರಳು ಒತ್ತಿಸಿಕೊಳ್ಳುವ ಆ ಯಂತ್ರಕ್ಕೆ ಇನ್ನೊಂದು ಪ್ರಶ್ನೆಯನ್ನು ಕಲಿಸಿದರಾಯಿತು: ಅಕ್ಕಿಯೆ, ಜೋಳವೆ, ರಾಗಿಯೆ, ಬೆರೆಸಿಯೆ? ಮೂರು ತಿಂಗಳಿಗೊಮ್ಮೆ ಕೇಳಿದರೂ ಸಾಕು. ಎಷ್ಟು ಜೋಳ ಕೊಳ್ಳಬೇಕೆಂಬ ಲೆಕ್ಕವೂ ಅದರಿಂದಲೇ ದೊರೆಯುತ್ತದೆ.

ಉಣ್ಣುವವರನ್ನು ಕೇಳದೆ ಅಳತೆ ಹಾಕಿದುದರ ಕಹಿಯನ್ನು ಈ ನೆಲ ಒಮ್ಮೆ ಉಂಡಿದೆ. 1876-78ರ ಧಾತು-ಈಶ್ವರ ಬರದಲ್ಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನರಳಿದವುಗಳಲ್ಲೊಂದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು, ಬರದ ಕಾಮಗಾರಿಯಲ್ಲಿ ಕಲ್ಲು ಹೊರುವವನಿಗೆ ದಿನಕ್ಕೆ ಒಂದು ಪೌಂಡು ಕಾಳು ಮತ್ತು ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಸಾಲದೆಂದು ಮದರಾಸಿನ ನೈರ್ಮಲ್ಯ ಕಮಿಷನರ್ ಕಾರ್ನಿಷ್ ಕೂಗಿ ಹೇಳಬೇಕಾಯಿತು. ಅಂದಿನ ಕ್ರೌರ್ಯವೂ ಇಂದಿನ ಅನ್ನಭಾಗ್ಯವೂ ಒಂದೇ ಎಂದು ನಾನು ಹೇಳುತ್ತಿಲ್ಲ, ಹಾಗೆಂದರೆ ಅನ್ಯಾಯವಾದೀತು. ಆದರೆ ಒಂದು ಅಭ್ಯಾಸ ಮಾತ್ರ ಅಂದಿನಿಂದ ಇಂದಿನವರೆಗೆ ಉಳಿದುಬಂದಿದೆ. ಉಣ್ಣುವವನ ಹೊಟ್ಟೆಯನ್ನು ಉಣ್ಣದವನು ಅಳೆಯುವ ಅಭ್ಯಾಸ ಅದು. ರಾಣಿಯ ಆಳಿಕೆ ಹೋಯಿತು, ಅದು ಹೋಗಲಿಲ್ಲ.

ಕೊಡುವುದರ ಬಗ್ಗೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಾತೊಂದು ಇಲ್ಲವೆ? ಇದೆ. ಶರಣರು 'ದಾನ' ಎನ್ನದೆ 'ದಾಸೋಹ' ಎಂದರು. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ನೀಡುವವನೇ ದಾಸ. ಇಂದಿಗೂ ನಮ್ಮ ಕಡೆಯ ಜಾತ್ರೆಗಳ ದಾಸೋಹದಲ್ಲಿ ಬಡಿಸುವವನು ಪಂಕ್ತಿಯ ಮುಂದೆ ಬಾಗಿ, 'ಏನು ನೀಡಲಿ, ಇನ್ನೊಂದಿಷ್ಟು ಹಾಕಲೆ?' ಎಂದು ಕೇಳುತ್ತ ಹೋಗುತ್ತಾನೆ. ಬೇಡವಾದವನು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ. ಯಾರೂ ಅವನನ್ನು ಕೃತಘ್ನನೆನ್ನುವುದಿಲ್ಲ. ಕೊಟ್ಟೂರಿನ ತೇರಿಗೆ ಬಂದ ಪರವೂರಿನವನಿಗೆ ಇರುವ ಈ ಮರ್ಯಾದೆ, ಅದೇ ಕೊಟ್ಟೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಯಜಮಾನಿಗೆ ಏಕಿಲ್ಲ?

ಈ ಐದು ತಾಲ್ಲೂಕುಗಳ ಗ್ರಾಮಸಭೆಗಳು ಮುಂದಿನ ಸಲ ಸೇರಿದಾಗ ರಸ್ತೆ, ಚರಂಡಿಗಳ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಎತ್ತಲಿ. ಪ್ರತಿ ನ್ಯಾಯಬೆಲೆ ಅಂಗಡಿಗೂ ಜಾಗೃತಿ ಸಮಿತಿ ಇರಬೇಕೆಂದು ಕಾಯಿದೆ ಹೇಳುತ್ತದೆ. ಆ ಸಮಿತಿ ಮನೆಮನೆಗೆ ಹೋಗಿ, ಗಂಡಸರನ್ನಲ್ಲ, ಒಲೆಯ ಮುಂದೆ ಕುಳಿತವರನ್ನು ಕೇಳಿ ಬರೆದುಕೊಳ್ಳಲಿ. ನಾಲ್ಕು ಮನೆ ಅಕ್ಕಿಯೆಂದರೆ ಅಕ್ಕಿ, ಆರು ಮನೆ ಜೋಳವೆಂದರೆ ಜೋಳ. ನಮ್ಮ ಓಣಿಯ ಮುದುಕಿಗೂ ಆ ಹುಡುಗಿಯ ತಾಯಿಗೂ ಒಂದೇ ಅಂಗಡಿಯಲ್ಲಿ ಜಾಗವಿದೆ. ಒಂದು ತಕ್ಕಡಿ, ಎರಡು ಚೀಲ ಇದ್ದರೆ ಸಾಕು.

ನಮ್ಮ ಅಧ್ಯಾಪಕರ ಕೋಣೆಯ ಮಿತ್ರರಿಗೂ ಕಡೆಯದಾಗಿ ಒಂದು ಮಾತು. ಆ ಗಾದೆಯನ್ನು ಇನ್ನು ಮುಂದೆ ತರಗತಿಯಲ್ಲಿ ನಾನು ಬೇರೆ ರೀತಿ ವಿವರಿಸುವವನಿದ್ದೇನೆ. ದಟ್ಟಿ ಕೊಟ್ಟವರು ದೊಡ್ಡವರು, ನಿಜ. ಆದರೆ ಅದು ಸಾಲುವುದೋ ಇಲ್ಲವೋ ಎಂದು ಬಲ್ಲವಳು ಉಡುವವಳು. ಆಕೆ ಹಿತ್ತಲಿಗೆ ಹೋಗುವುದು ಬೇಡ. ಪಡಸಾಲೆಯಲ್ಲೇ, ಕೊಟ್ಟವರ ಎದುರಿಗೇ ಮೊಳ ಹಾಕಲಿ. ಸಾಲದಿದ್ದರೆ ಸಾಲದೆಂದು ಹೇಳಲಿ. ಕೇಳಿಸಿಕೊಳ್ಳುವಷ್ಟು ದೊಡ್ಡತನ ಕೊಟ್ಟವರಿಗೆ ಇರಬೇಕು.